ಸಪ್ಪೊರೊ ಹಿಮಹಬ್ಬಕ್ಕೆ ಹೊರಟಿದ್ದೀರಾ? ಹೋಟೆಲ್ ಬುಕಿಂಗಿನಿಂದ ಬೂಟಿನ ಅಡಿಯವರೆಗೆ

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಿದ್ದ ಹಾಗೆ ಇದೇ ಪ್ರಶ್ನೆ ಶುರುವಾಗುತ್ತದೆ. "ಜಪಾನಿನಲ್ಲಿ ಹಿಮದಲ್ಲಿ ಅರಮನೆ, ದೇವಸ್ಥಾನ ಎಲ್ಲಾ ಕಟ್ಟುತ್ತಾರಂತಲ್ಲ, ಆ ಹಬ್ಬಕ್ಕೆ ಹೋಗುವುದು ಹೇಗೆ?" ಅದರ ಬೆನ್ನಿಗೇ ಇನ್ನೊಂದು: "ಅಷ್ಟು ಚಳಿ ನಮ್ಮ ಕೈಲಿ ತಡೆಯೋಕಾಗುತ್ತಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುತ್ತದೆ. ಚಳಿಗೆ ಬಟ್ಟೆ ಇದೆ, ಬಿಸಿ ಇದೆ, ಒಳಗೆ ಓಡಿಹೋಗಲು ಜಾಗ ಇದೆ. ನಮ್ಮ ಕಡೆಯಿಂದ ಹೋದವರಿಗೆ ನಿಜವಾಗಿ ತೊಂದರೆ ಕೊಡುವುದು ಎರಡೇ: ತಡವಾಗಿ ಹುಡುಕಿದ ಹೋಟೆಲ್, ಮತ್ತು ಕಾಲಡಿಯ ಜಾರು ನೆಲ. ಈ ಲೇಖನದ ಅರ್ಧ ಭಾಗ ಅವೆರಡರ ಮೇಲೇ ಇದೆ.

ಹಬ್ಬದ ಬಗ್ಗೆ ಎರಡು ಮಾತು. ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ ಹೊಕ್ಕೈಡೊ. ಅದರ ಮುಖ್ಯ ಪಟ್ಟಣ ಸಪ್ಪೊರೊ. ಅಲ್ಲಿ ಇದನ್ನು 'ಯುಕಿ ಮತ್ಸುರಿ' ಅನ್ನುತ್ತಾರೆ. ಯುಕಿ ಅಂದರೆ ಹಿಮ, ಮತ್ಸುರಿ ಅಂದರೆ ಹಬ್ಬ, ಜಾತ್ರೆ. 1950ರಲ್ಲಿ ಸ್ಥಳೀಯ ಶಾಲಾ ಹುಡುಗರು ಓಡೋರಿ ಪಾರ್ಕಿನಲ್ಲಿ ಆರು ಹಿಮದ ಮೂರ್ತಿ ಮಾಡಿ ನಿಲ್ಲಿಸಿದರು. ಶುರುವಾದದ್ದು ಅಷ್ಟರಿಂದಲೇ. 1955ರಲ್ಲಿ ಜಪಾನಿನ ಆತ್ಮರಕ್ಷಣಾ ಪಡೆಯ ಸೈನಿಕರು ಕೈಜೋಡಿಸಿದ ಮೇಲೆ ಮೂರ್ತಿಗಳು ಕಟ್ಟಡದ ಗಾತ್ರಕ್ಕೆ ಬೆಳೆದವು. 1972ರಲ್ಲಿ ಇದೇ ಊರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಹೊರಗಿನ ಪ್ರಪಂಚಕ್ಕೆ ಇದರ ಸುದ್ದಿ ತಲುಪಿತು. ಈಗ ಫೆಬ್ರವರಿ ಮೊದಲ ಭಾಗದಲ್ಲಿ ಸುಮಾರು ಒಂದು ವಾರ ನಡೆಯುತ್ತದೆ. ನೋಡಲು ಟಿಕೆಟ್ ಇಲ್ಲ, ಗೇಟೂ ಇಲ್ಲ. ಊರ ನಡುವಿನ ಪಾರ್ಕು ಅದು, ನಡೆದುಕೊಂಡು ಹೋಗಿ ನೋಡುವುದು, ಅಷ್ಟೇ.

1. ತಾರೀಕು ಹಿಡಿಯಿರಿ, ಅವತ್ತೇ ಹೋಟೆಲ್ ಹಿಡಿಯಿರಿ

2024ರಲ್ಲೂ 2025ರಲ್ಲೂ ಹಬ್ಬ ಫೆಬ್ರವರಿ 4ರಿಂದ 11ರವರೆಗೆ ನಡೆಯಿತು. ಪ್ರತಿ ವರ್ಷವೂ ಇದರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಹಬ್ಬದ ಅಧಿಕೃತ ವೆಬ್‌ಸೈಟಿನಲ್ಲಿ ಆ ವರ್ಷದ ತಾರೀಕು ನೋಡಿಯೇ ಮುಂದುವರಿಯಿರಿ.

ಇಪ್ಪತ್ತು ಲಕ್ಷಕ್ಕೆ ಹತ್ತಿರದ ಜನಸಂಖ್ಯೆಯ ಊರು ಇದು. ಆ ಒಂದು ವಾರಕ್ಕೆ ಬರುವವರ ಲೆಕ್ಕವೂ ಅದಕ್ಕೆ ಸರಿಸಮ. ಹಾಗಾಗಿ ಹೋಟೆಲ್ ಬೆಲೆ ಎರಡು, ಮೂರು ಪಟ್ಟು ಏರುವುದು ಮಾಮೂಲಿ. ಗಣೇಶ ಚತುರ್ಥಿ ಹೊತ್ತಿಗೆ ಬುಕ್ ಮಾಡಿದವರು ನೆಮ್ಮದಿಯಾಗಿರುತ್ತಾರೆ. ಸಂಕ್ರಾಂತಿ ಹೊತ್ತಿಗೆ ಹುಡುಕುವವರು ಬೆಲೆ ನೋಡಿ ಟ್ರಿಪ್ಪೇ ಬೇಡ ಅಂತಾರೆ. ದುಡ್ಡು ಕೊಡದೆ ರದ್ದು ಮಾಡಬಹುದಾದ ರೂಮೊಂದನ್ನು ಮೊದಲೇ ಹಿಡಿದಿಡಿ. ವೀಸಾ, ವಿಮಾನ ಆಮೇಲೆ.

ಜಾಗ ಆರಿಸುವಾಗ ಮೂರು ಹೆಸರು ನೆನಪಿಟ್ಟುಕೊಳ್ಳಿ: ಸಪ್ಪೊರೊ ಸ್ಟೇಷನ್, ಓಡೋರಿ, ಸುಸುಕಿನೊ. ಇವು ಉತ್ತರದಿಂದ ದಕ್ಷಿಣಕ್ಕೆ ಒಂದೇ ಗೆರೆಯ ಮೇಲಿವೆ. ಮೂರನ್ನೂ ನೆಲದಡಿಯ ಕಾಲುದಾರಿ ಜೋಡಿಸುತ್ತದೆ. ಸುಸುಕಿನೊದಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್ ದೂರದ ನಕಾಜಿಮಾ ಕೋಯೆನ್ ಕಡೆ ಸ್ವಲ್ಪ ಅಗ್ಗಕ್ಕೆ ಸಿಗುವುದುಂಟು. ಹೋಟೆಲ್ ಪಾರ್ಕಿಗೆ ಎಷ್ಟು ಹತ್ತಿರ ಅನ್ನುವುದಕ್ಕಿಂತ ಮೆಟ್ರೋ ಬಾಗಿಲಿಗೆ ಎಷ್ಟು ಹತ್ತಿರ ಅಂತ ನೋಡಿ. ನಕ್ಷೆಯಲ್ಲಿ "10 ನಿಮಿಷ ನಡಿಗೆ" ಅಂತ ಇದ್ದರೆ ಹಿಮದ ಮೇಲೆ ಅದು ಇಪ್ಪತ್ತು ನಿಮಿಷ.

ಇನ್ನೊಂದು ಎಡವಟ್ಟು: ಸಿಗರೇಟು ಸೇದುವ ರೂಮು. ಅಲ್ಲಿನ ಹಳೇ ಹೋಟೆಲುಗಳಲ್ಲಿ ಅವು ಇನ್ನೂ ಇವೆ, ಸ್ವಲ್ಪ ಅಗ್ಗವಾಗಿಯೂ ಕಾಣುತ್ತವೆ. ಚಳಿಗೆ ಕಿಟಕಿ ತೆರೆಯುವ ಹಾಗಿಲ್ಲ. ಆ ವಾಸನೆಯಲ್ಲಿ ನಾಲ್ಕು ರಾತ್ರಿ ಕಳೆಯುವುದು ಯಾರಿಗೂ ಬೇಡ. 'ಕಿನ್‌ಎನ್' ಅಂದರೆ ಧೂಮಪಾನ ಇಲ್ಲದ ರೂಮು. ಅದನ್ನೇ ಕೇಳಿ.

ಊರೊಳಗೆ ಏನೂ ಸಿಗಲಿಲ್ಲವೇ? ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒತಾರು, ಅಥವಾ ಏರ್‌ಪೋರ್ಟ್ ಇರುವ ಚಿತೋಸೆ ಊರಲ್ಲಿ ಉಳಿದು ದಿನಾ ಓಡಾಡಬಹುದು. ಕೊನೆಯ ರೈಲಿನ ಸಮಯ ಮಾತ್ರ ನೋಡಿಕೊಂಡಿರಿ.

2. ವೀಸಾ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. 2024ರ ಏಪ್ರಿಲಿನಿಂದ ಪ್ರವಾಸಿಗರಿಗೆ ಇ-ವೀಸಾ ಬಂದಿದೆ. ಅರ್ಜಿಯನ್ನು ವೀಸಾ ಕೇಂದ್ರದಲ್ಲಿ ಕೊಡಬೇಕು, ಪಾಸ್‌ಪೋರ್ಟಿಗೆ ಸ್ಟಿಕ್ಕರ್ ಅಂಟಿಸುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ದಿನದಿನದ ಪ್ಲಾನ್, ಹೋಟೆಲ್ ಮತ್ತು ವಿಮಾನದ ಬುಕಿಂಗ್ ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಪ್ಲಾನಿನಲ್ಲಿ 6ನೇ ತಾರೀಕು ಒತಾರು ಅಂತ ಬರೆದು ಹೋಟೆಲ್ ಟೋಕಿಯೊದಲ್ಲಿ ತೋರಿಸಿದರೆ ಪ್ರಶ್ನೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಪಾನಿನ ಏರ್‌ಪೋರ್ಟಿನಲ್ಲಿ ಇ-ವೀಸಾವನ್ನು ಇಂಟರ್‌ನೆಟ್ಟಿಗೆ ಜೋಡಿಸಿದ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್, ಸ್ಕ್ರೀನ್‌ಶಾಟ್ ಎರಡೂ ನಡೆಯುವುದಿಲ್ಲ. "ಅಲ್ಲಿಗೆ ಹೋಗಿ ಸಿಮ್ ತಗೊಂಡ್ರಾಯ್ತು" ಅಂತ ಕೂತವರು ಇಮಿಗ್ರೇಷನ್ ಸಾಲಿನಲ್ಲಿ ವೈಫೈ ಹುಡುಕುತ್ತಾ ನಿಲ್ಲುತ್ತಾರೆ. ಇ-ಸಿಮ್ ಅಥವಾ ರೋಮಿಂಗನ್ನು ಊರಲ್ಲೇ ಹಾಕಿಸಿಕೊಂಡು ಹೊರಡಿ.

ಬೆಂಗಳೂರಿನಿಂದ ಟೋಕಿಯೊಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಅದು ಇಳಿಯುವುದು ನರಿತಾ ಏರ್‌ಪೋರ್ಟಿನಲ್ಲಿ. ಟೋಕಿಯೊಗೆ ಇನ್ನೊಂದು ಏರ್‌ಪೋರ್ಟ್ ಇದೆ, ಹನೆದಾ. ಸಪ್ಪೊರೊ ಕಡೆ ಹೋಗುವ ವಿಮಾನಗಳು ಅಲ್ಲಿಂದ ಜಾಸ್ತಿ. ನರಿತಾದಲ್ಲಿ ಇಳಿದು ಹನೆದಾದಿಂದ ಹೊರಡುವ ಟಿಕೆಟ್ ತೆಗೆದುಕೊಂಡವರು ಒಬ್ಬಿಬ್ಬರಲ್ಲ. ಎರಡರ ನಡುವೆ ಊರು ದಾಟಿ ಹೋಗಬೇಕು, ಒಂದೂವರೆ ಎರಡು ಗಂಟೆ ಅದಕ್ಕೇ ಬೇಕು. ನರಿತಾದಿಂದಲೇ ಸಪ್ಪೊರೊ ವಿಮಾನ ಹುಡುಕಿ, ನಡುವೆ ಮೂರು ಗಂಟೆಯಾದರೂ ಇಡಿ. ಅಗ್ಗದ ವಿಮಾನ ಸಂಸ್ಥೆಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ, ತೂಕ ಹಾಕಿಯೇ ಬಿಡುತ್ತಾರೆ. ಚಳಿ ಬಟ್ಟೆ ತುಂಬಿದ ನಿಮ್ಮ ಸೂಟ್‌ಕೇಸಿಗೆ ಮೊದಲೇ ದುಡ್ಡು ಕಟ್ಟಿ.

ಸಪ್ಪೊರೊದ ಏರ್‌ಪೋರ್ಟ್ ಹೆಸರು ನ್ಯೂ ಚಿತೋಸೆ. ಟೋಕಿಯೊದಿಂದ ಒಂದೂವರೆ ಗಂಟೆ ಹಾರಾಟ. ಫೆಬ್ರವರಿಯಲ್ಲಿ ಹಿಮಗಾಳಿಗೆ ವಿಮಾನಗಳು ನಿಲ್ಲುವುದು ಇಲ್ಲಿ ವಿಶೇಷವೇನಲ್ಲ. 2022ರ ಫೆಬ್ರವರಿಯಲ್ಲಿ ಹಿಮ ಬಿದ್ದ ರಭಸಕ್ಕೆ ಸಪ್ಪೊರೊ ಸುತ್ತಿನ ರೈಲುಗಳೂ ನಿಂತುಹೋಗಿದ್ದವು. ಅದಕ್ಕೇ ಸಪ್ಪೊರೊ ಬಿಡುವ ದಿನವೇ ಟೋಕಿಯೊದಿಂದ ಭಾರತದ ವಿಮಾನ ಹತ್ತುವ ಪ್ಲಾನ್ ಹಾಕಬೇಡಿ. ನಡುವೆ ಒಂದು ರಾತ್ರಿ ಟೋಕಿಯೊದಲ್ಲಿರಲಿ.

3. ಬಟ್ಟೆ: ದಪ್ಪವಲ್ಲ, ಪದರ

ಹಬ್ಬದ ದಿನಗಳಲ್ಲಿ ಹಗಲು ಸೊನ್ನೆ ಡಿಗ್ರಿಯ ಆಚೀಚೆ, ರಾತ್ರಿ ಮೈನಸ್ 6, 7. ಇನ್ನೂ ಕೆಳಗೆ ಹೋಗುವ ರಾತ್ರಿಗಳೂ ಇರುತ್ತವೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ತೆಗೆದ ಸ್ವೆಟರ್ ಇಲ್ಲಿ ಒಂದು ಪದರ ಮಾತ್ರ.

ಆದರೆ ಹೊಸಬರು ಯೋಚಿಸದ ವಿಷಯ ಬೇರೆ ಇದೆ. ಅಂಗಡಿ, ಮೆಟ್ರೋ, ಹೋಟೆಲ್ ಒಳಗೆಲ್ಲ ಹೀಟರ್ ಜೋರು. ಹೊರಗೆ ಮೈನಸ್ 5, ಒಳಗೆ ಮೇ ತಿಂಗಳ ಮಧ್ಯಾಹ್ನ. ಒಂದೇ ದಪ್ಪ ಉಡುಪು ಹಾಕಿಕೊಂಡರೆ ಒಳಗೆ ಬೆವರುತ್ತೀರಿ. ಬೆವರಿನ ಒದ್ದೆ ಬಟ್ಟೆಯಲ್ಲಿ ಹೊರಗೆ ಬಂದ ಕೂಡಲೇ ಚಳಿ ಮೂಳೆಗೆ ಇಳಿಯುತ್ತದೆ. ಅದಕ್ಕೆ ಮೂರು ಪದರ:

– ಮೈಗೆ ಅಂಟುವ ಥರ್ಮಲ್, ಮೇಲೂ ಕೆಳಗೂ. ಹತ್ತಿಯದು ಬೇಡ, ಅದು ಬೆವರು ಹೀರಿ ಒಣಗುವುದೇ ಇಲ್ಲ.
– ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್.
– ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಟೋಪಿ ಜಾಕೆಟ್ಟಿಗೇ ಹೊಲಿದಿರಬೇಕು. ಅಲ್ಲಿನ ಪುಡಿ ಹಿಮಕ್ಕೆ ಊರಿನವರು ಛತ್ರಿ ಹಿಡಿಯುವುದು ಕಡಿಮೆ, ಟೋಪಿ ಎಳೆದುಕೊಂಡು ನಡೆಯುತ್ತಾರೆ, ಬಾಗಿಲಲ್ಲಿ ನಿಂತು ಕೊಡವಿಕೊಂಡು ಒಳಗೆ ಹೋಗುತ್ತಾರೆ.

ಜೀನ್ಸ್ ಬೇಡ. ಒದ್ದೆಯಾದರೆ ಹಲಗೆ ಹಾಗೆ ಗಟ್ಟಿಯಾಗುತ್ತದೆ. ಅಮ್ಮಂದಿರು ಸೀರೆಯೇ ಉಡುತ್ತೇನೆ ಅಂದರೆ ಕಾದಾಡಬೇಡಿ, ಒಳಗೆ ದಪ್ಪ ಥರ್ಮಲ್ ಹಾಕಿಸಿ, ಸೀರೆಯನ್ನು ಕಣಕಾಲಿನವರೆಗೆ ಎತ್ತಿ ಉಡಿಸಿ. ಹಿಮದಲ್ಲಿ ಎಳೆದಾಡುವ ಅಂಚು ಐದೇ ನಿಮಿಷಕ್ಕೆ ನೆನೆದು ಭಾರವಾಗುತ್ತದೆ, ಕಾಲಿಗೂ ಸಿಕ್ಕಿಕೊಳ್ಳುತ್ತದೆ. ಕಿವಿ ಮುಚ್ಚುವ ಟೋಪಿ ಎಲ್ಲರಿಗೂ ಬೇಕು. ನಮ್ಮ ಮಂಕಿ ಟೋಪಿಯನ್ನು ನೋಡಿ ನಕ್ಕವರೆಲ್ಲ ಅಲ್ಲಿ ಅದನ್ನೇ ಹುಡುಕುತ್ತಾರೆ.

ಇನ್ನು 'ಕೈರೊ'. ಅಂಗೈಯಗಲದ ಬಿಸಿ ಚೀಲ ಅದು. ಒಳಗೆ ಕಬ್ಬಿಣದ ಪುಡಿ ಇರುತ್ತದೆ. ಕವರ್ ಹರಿದು ಗಾಳಿ ತಾಗಿದರೆ ಪುಡಿ ತುಕ್ಕು ಹಿಡಿಯುತ್ತಾ ಗಂಟೆಗಟ್ಟಲೆ ಬಿಸಿ ಕೊಡುತ್ತದೆ. ಯಾವ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ಜೇಬಿಗೆ ಹಾಕಿಕೊಳ್ಳುವುದು ಬೇರೆ, ಬಟ್ಟೆಗೆ ಅಂಟಿಸುವುದು ಬೇರೆ, ಬೂಟಿನೊಳಗೆ ಇಡುವುದು ಬೇರೆ. ಅಂಟಿಸುವುದನ್ನು ಥರ್ಮಲ್ ಮೇಲೆ ಸೊಂಟದ ಹಿಂಭಾಗಕ್ಕೆ ಹಾಕಿ. ನೇರವಾಗಿ ಚರ್ಮಕ್ಕೆ ಅಂಟಿಸಿದರೆ, ಅಥವಾ ಹಾಗೇ ಮಲಗಿದರೆ, ಗೊತ್ತೇ ಆಗದ ಹಾಗೆ ಸುಟ್ಟ ಬೊಬ್ಬೆ ಏಳುತ್ತದೆ.

4. ಬೂಟು ಮತ್ತು ನಡಿಗೆ: ಇದನ್ನು ಎರಡು ಸಲ ಓದಿ

ಹಬ್ಬದ ದಿನಗಳಲ್ಲಿ ಲಕ್ಷಾಂತರ ಜನ ತುಳಿದ ಹಿಮ ಹಿಮವಾಗಿ ಉಳಿಯುವುದಿಲ್ಲ. ಹಗಲು ಕೊಂಚ ಕರಗುತ್ತದೆ, ರಾತ್ರಿ ಗಾಜಾಗುತ್ತದೆ. ಅಲ್ಲಿನವರು ಇದಕ್ಕೆ 'ತ್ಸುರುತ್ಸುರು' ಅನ್ನುತ್ತಾರೆ. ನಯವಾಗಿ ಹೊಳೆಯುವ, ಜಾರುವ ನೆಲ ಅಂತ ಅರ್ಥ. ಪಾಚಿ ಕಟ್ಟಿದ ಬಚ್ಚಲುಕಲ್ಲು ಕಿಲೋಮೀಟರುಗಟ್ಟಲೆ ಹಾಸಿದೆ ಅಂದುಕೊಳ್ಳಿ. ಪ್ರತಿ ಚಳಿಗಾಲ ಇಲ್ಲಿ ಬಿದ್ದು ಆಂಬುಲೆನ್ಸ್ ಹತ್ತುವವರು ಸಾಕಷ್ಟು, ಊರಿನವರೂ ಸೇರಿ.

ಸ್ಪೋರ್ಟ್ಸ್ ಶೂ ಸಾಲದು. ಕಣಕಾಲು ಮುಚ್ಚುವ, ನೀರು ಹೀರದ, ಅಡಿಯಲ್ಲಿ ಮೆತ್ತನೆ ರಬ್ಬರು ಮತ್ತು ಆಳದ ಗೀರುಗಳಿರುವ ಬೂಟು ಬೇಕು. ಬೆಂಗಳೂರಿನ ಸ್ಪೋರ್ಟ್ಸ್ ಅಂಗಡಿಗಳಲ್ಲಿ ಹಿಮದ ಬೂಟು ಸಿಗುತ್ತದೆ, ಸಪ್ಪೊರೊದಲ್ಲಂತೂ ಆಯ್ಕೆ ಜಾಸ್ತಿ. ಪಾದ ದೊಡ್ಡದಿರುವವರು ಇಲ್ಲಿಂದಲೇ ಕೊಂಡೊಯ್ಯುವುದು ಕ್ಷೇಮ. ಅಲ್ಲಿ ದೊಡ್ಡ ಸೈಜು ಹುಡುಕಾಡಿಸುತ್ತದೆ. ಎರಡು ಜೊತೆ ಉಣ್ಣೆ ಕಾಲ್ಚೀಲ ಹಾಕಿದರೂ ಬೆರಳು ಆಡುವಷ್ಟು ಸಡಿಲ ಇರಲಿ. ಬಿಗಿ ಬೂಟಿನಲ್ಲಿ ಕಾಲು ಬೇಗ ಮರಗಟ್ಟುತ್ತದೆ.

ಬೂಟಿನ ಮೇಲೆ ತೊಡಿಸುವ ಮುಳ್ಳುಪಟ್ಟಿಗಳೂ ಬರುತ್ತವೆ. ರಬ್ಬರ್ ಪಟ್ಟಿ, ಅಡಿಯಲ್ಲಿ ಸಣ್ಣ ಲೋಹದ ಮೊಳೆ. ವಯಸ್ಸಾದವರಿಗೆ ಖಂಡಿತ ಕೊಡಿಸಿ. ಒಂದೇ ಎಚ್ಚರಿಕೆ: ಕಟ್ಟಡದೊಳಗೆ ಕಾಲಿಡುವ ಮೊದಲು ಕಳಚಬೇಕು. ಹಿಮದ ಮೇಲೆ ಕಚ್ಚಿ ಹಿಡಿಯುವ ಆ ಮೊಳೆಗಳೇ ಟೈಲ್ಸ್ ಮೇಲೆ ಸ್ಕೇಟಿಂಗ್ ಮಾಡಿಸುತ್ತವೆ.

ನಡೆಯುವ ರೀತಿ ಹೀಗೆ. ಹೆಜ್ಜೆ ಸಣ್ಣದು. ಹಿಮ್ಮಡಿ ಮೊದಲು ಊರಬೇಡಿ, ಪೂರ್ತಿ ಪಾದ ಒಟ್ಟಿಗೆ ಇಡಿ. ಮಂಡಿ ಸ್ವಲ್ಪ ಮಡಚಿರಲಿ, ಮೈಭಾರ ಮುಂದಿನ ಕಾಲಿನ ಮೇಲಿರಲಿ. ಪೆಂಗ್ವಿನ್ ನಡೆದ ಹಾಗೆ ಕಾಣುತ್ತದೆ, ಕಾಣಲಿ. ಕೈ ಜೇಬಿನಲ್ಲಿ ಬೇಡ, ಗ್ಲೌಸ್ ಹಾಕಿ ಹೊರಗಿಡಿ. ನಾನು ಬಿದ್ದದ್ದು ಮೊದಲನೇ ದಿನ, ಹೋಟೆಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಫೋನಿನಲ್ಲಿ ನಕ್ಷೆ ನೋಡುತ್ತಾ. ನಕ್ಷೆ ನೋಡಬೇಕೆಂದರೆ ನಿಂತು ನೋಡಿ.

ಜಾಸ್ತಿ ಜಾರುವ ಜಾಗಗಳು ಇವು: ರಸ್ತೆ ದಾಟುವ ಬಿಳಿ ಪಟ್ಟೆಗಳು, ಬಸ್ ಮತ್ತು ಟ್ಯಾಕ್ಸಿ ನಿಲ್ಲುವ ಅಂಚು, ಕಾರು ಒಳಗೆ ಹೊರಗೆ ಮಾಡುವ ಪಾರ್ಕಿಂಗ್ ಬಾಯಿ, ಅಂಗಡಿಯ ಹೊಸ್ತಿಲು. ಸಿಗ್ನಲ್ ಮಿನುಗಲು ಶುರುವಾದರೆ ಓಡಬೇಡಿ, ಮುಂದಿನದಕ್ಕೆ ಕಾಯಿರಿ.

ದೊಡ್ಡ ಕ್ರಾಸಿಂಗ್‌ಗಳ ಪಕ್ಕದಲ್ಲಿ ಒಂದು ಪೆಟ್ಟಿಗೆ ಕಾಣುತ್ತದೆ. ಕಸದ ಡಬ್ಬ ಅಂದುಕೊಂಡು ಎಷ್ಟೋ ಜನ ಮುಂದೆ ಹೋಗಿಬಿಡುತ್ತಾರೆ. ಮುಚ್ಚಳ ಎತ್ತಿ ನೋಡಿ. ಒಳಗೆ ಸಣ್ಣ ಪೊಟ್ಟಣಗಳಲ್ಲಿ ಜಲ್ಲಿಪುಡಿ ತುಂಬಿಟ್ಟಿರುತ್ತಾರೆ. ಅದು ಯಾರು ಬೇಕಾದರೂ ತೆಗೆದುಕೊಳ್ಳಲು ಇಟ್ಟದ್ದು. ಮುಂದಿನ ನೆಲ ಹೊಳೆಯುತ್ತಿದ್ದರೆ ಪೊಟ್ಟಣ ಒಡೆದು, ರಂಗೋಲಿ ಪುಡಿ ಉದುರಿಸಿದ ಹಾಗೆ ಮುಂದೆ ಉದುರಿಸಿಕೊಂಡು ದಾಟುವುದು. ನೀವು ದಾಟಿದ ಮೇಲೆ ಹಿಂದೆ ಬರುವ ಅಜ್ಜಿಗೂ ಅದೇ ದಾರಿ. ಇಡೀ ಊರಲ್ಲಿ ನನಗೆ ತುಂಬಾ ಹಿಡಿಸಿದ ವ್ಯವಸ್ಥೆ ಇದೇ.

ಮೇಲೆಯೂ ಒಂದು ಕಣ್ಣಿರಲಿ. ಬಿಸಿಲು ಬಂದ ದಿನ ಮಾಡಿನಿಂದ ಹಿಮದ ಗಡ್ಡೆ, ಐಸಿನ ಕೋಲು ಕಳಚಿ ಬೀಳುತ್ತವೆ. ಗೋಡೆಗೆ ಒತ್ತಿಕೊಂಡು, ಸೂರಿನ ಕೆಳಗೆ ನಡೆಯಬೇಡಿ.

ಪ್ರವಾಸದ ಇನ್ಶೂರೆನ್ಸ್ ಇಲ್ಲದೆ ಹೋಗಲೇಬೇಡಿ. ಆಂಬುಲೆನ್ಸಿಗೆ 119, ಪೊಲೀಸರಿಗೆ 110.

5. ಏರ್‌ಪೋರ್ಟಿನಿಂದ ಊರೊಳಗೆ

ನ್ಯೂ ಚಿತೋಸೆಯ ರೈಲು ನಿಲ್ದಾಣ ದೇಶೀಯ ಟರ್ಮಿನಲ್ಲಿನ ನೆಲಮಾಳಿಗೆಯಲ್ಲೇ ಇದೆ. 'ರ್‍ಯಾಪಿಡ್ ಏರ್‌ಪೋರ್ಟ್' ಅನ್ನುವ ರೈಲು ಸಪ್ಪೊರೊ ಸ್ಟೇಷನ್ನಿಗೆ 40 ನಿಮಿಷದ ಆಸುಪಾಸು, ಟಿಕೆಟ್ ಸುಮಾರು 1,200 ಯೆನ್. ಹೋಟೆಲ್ ಬಾಗಿಲಿಗೇ ಬಿಡುವ ಬಸ್ಸುಗಳೂ ಇವೆ. ಹಿಮ ಜೋರಾದಾಗ ರಸ್ತೆ ಅಲ್ಲೇ ನಿಲ್ಲುತ್ತದೆ, ಹಾಗಾಗಿ ನನ್ನ ಓಟು ರೈಲಿಗೇ.

ಚಕ್ರದ ಸೂಟ್‌ಕೇಸ್ ಹಿಮದಲ್ಲಿ ಉರುಳುವುದಿಲ್ಲ, ಉಳುತ್ತದೆ. ಸ್ಟೇಷನ್ನಿನಿಂದ ಹೋಟೆಲಿಗೆ ಆದಷ್ಟು ನೆಲದಡಿಯ ದಾರಿಯಲ್ಲೇ ಹೋಗಿ, ಕೊನೆಯ ನೂರಿನ್ನೂರು ಮೀಟರಿಗೆ ಮಾತ್ರ ಮೇಲೆ ಬನ್ನಿ.

ಆ ದಾರಿಯ ಹೆಸರು 'ಚಿಕಾಹೊ'. 2011ರಲ್ಲಿ ತೆರೆದದ್ದು, ಸಪ್ಪೊರೊ ಸ್ಟೇಷನ್ ಕಡೆಯಿಂದ ಓಡೋರಿವರೆಗೆ. ಅಲ್ಲಿಂದ ಸುಸುಕಿನೊವರೆಗೆ ಅಂಗಡಿಸಾಲಿನ ಇನ್ನೊಂದು ಸುರಂಗ, ಪೂರ್ವಕ್ಕೆ ಟಿವಿ ಟವರ್ ಕಡೆಗೆ ಮತ್ತೊಂದು. ಒಳಗೆ ಬೆಚ್ಚಗೆ, ಒಣಗಿದ ನೆಲ, ಕೂರಲು ಬೆಂಚು, ಶೌಚಾಲಯ. ಹಬ್ಬ ನಡೆಯುವುದು ಮೇಲೆ, ಆದರೆ ನಿಮ್ಮ ಓಡಾಟ ಕೆಳಗಿರಲಿ. ಇದೊಂದನ್ನು ಪಾಲಿಸಿದರೆ ಚಿಕ್ಕ ಮಕ್ಕಳನ್ನೂ ಎಪ್ಪತ್ತು ದಾಟಿದವರನ್ನೂ ಧೈರ್ಯವಾಗಿ ಕರೆದೊಯ್ಯಬಹುದು.

ಮೆಟ್ರೋಗೆ ಮೂರು ಲೈನು: ನಂಬೊಕು, ತೋಜಾಯ್, ತೋಹೊ. ಮೂರೂ ಓಡೋರಿಯಲ್ಲಿ ಸೇರುತ್ತವೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹತ್ತಿಳಿಯುವುದಾದರೆ ದಿನದ ಪಾಸ್ ತಗೊಳ್ಳಿ. ಶನಿವಾರ, ಭಾನುವಾರಕ್ಕೆ ಇನ್ನೂ ಅಗ್ಗದ ಪಾಸ್ ಬೇರೆಯೇ ಇದೆ.

6. ಹಬ್ಬ ನೋಡುವುದು

ಹಬ್ಬಕ್ಕೆ ಮೂರು ಜಾಗ. ಒಂದೇ ಸಂಜೆಯಲ್ಲಿ ಮೂರನ್ನೂ ಮುಗಿಸುತ್ತೇವೆ ಅನ್ನುವುದು ಬೇಡ.

ಮೊದಲನೆಯದು ಓಡೋರಿ. ಊರ ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಪಾರ್ಕು. ಅದನ್ನು 'ಚೋಮೆ' ಅಂತ ತುಂಡು ಮಾಡಿ ಎಣಿಸುತ್ತಾರೆ. ಚೋಮೆ ಅಂದರೆ ರಸ್ತೆಯಿಂದ ರಸ್ತೆಯವರೆಗಿನ ಒಂದು ಅಂಕಣ, ನಮ್ಮ ಬಡಾವಣೆಗಳ ಕ್ರಾಸ್ ಲೆಕ್ಕದ ಹಾಗೆ. ಟಿವಿ ಟವರ್ ಇರುವುದು 1ನೇ ಚೋಮೆ, ಪಶ್ಚಿಮಕ್ಕೆ ಹೋದ ಹಾಗೆ ಸಂಖ್ಯೆ ಏರುತ್ತದೆ. ಹತ್ತು ಹದಿನೈದು ಮೀಟರ್ ಎತ್ತರದ ದೊಡ್ಡ ಮೂರ್ತಿಗಳು ನಡುವಿನ ಚೋಮೆಗಳಲ್ಲಿ. 11ರಲ್ಲಿ ಬೇರೆ ಬೇರೆ ದೇಶದ ತಂಡಗಳ ಸ್ಪರ್ಧೆ, ಇದು 1974ರಿಂದ ನಡೆದುಬಂದದ್ದು. ಪಶ್ಚಿಮದ ತುದಿಯಲ್ಲಿ ಊರಿನ ಜನ ತಾವೇ ಮಾಡಿದ ಪುಟ್ಟ ಮೂರ್ತಿಗಳು.

ಹೆಚ್ಚಿನವರು ಟವರ್ ಬಳಿ ಮೇಲೆ ಬಂದು, ದೊಡ್ಡವನ್ನು ನೋಡಿ, 7, 8ಕ್ಕೆ ಸುಸ್ತಾಗಿ ವಾಪಸ್ ಹೋಗುತ್ತಾರೆ. ನೀವು ಉಲ್ಟಾ ಮಾಡಿ. ತೋಜಾಯ್ ಲೈನಿನಲ್ಲಿ ಓಡೋರಿಯ ಮುಂದಿನ ಸ್ಟಾಪ್ 'ನಿಶಿ 11 ಚೋಮೆ'. ಅಲ್ಲಿ ಇಳಿದು ಜನರ ಮೂರ್ತಿಗಳಿಂದ ಶುರು ಮಾಡಿ. ದೊಡ್ಡ ಮೂರ್ತಿಗಳ ಎದುರು ಬಾಯಿ ಬಿಟ್ಟು ನಿಂತು ಬಂದ ಮೇಲೆ ಈ ಪುಟ್ಟವು ಸಪ್ಪೆ ಅನ್ನಿಸುತ್ತವೆ. ಮೊದಲೇ ನೋಡಿದರೆ ಹಾಗಾಗುವುದಿಲ್ಲ. ಯಾರದೋ ಮನೆಯ ನಾಯಿ, ಯಾರೋ ಪ್ರೀತಿಸುವ ಕಾರ್ಟೂನು, ಮೂಗು ಸ್ವಲ್ಪ ಸೊಟ್ಟಗಿರುವ ಬೆಕ್ಕು, ಹೀಗೆ ಒಂದೊಂದರಲ್ಲೂ ಮಾಡಿದವರ ಕೈ ಕಾಣುತ್ತದೆ. ಜನಜಂಗುಳಿ ಜಾಸ್ತಿ ಇರುವಾಗ ಪಾರ್ಕಿನ ಒಂದು ಬದಿ ಹೋಗಲು, ಇನ್ನೊಂದು ಬದಿ ಬರಲು ಅಂತ ಏಕಮುಖ ಮಾಡಿರುತ್ತಾರೆ. ಬಾಣದ ಗುರುತು ನೋಡಿ ಸರಿಯಾದ ಬದಿಗೆ ಸೇರಿಕೊಳ್ಳಿ, ಎದುರು ನುಗ್ಗಬೇಡಿ.

ದೊಡ್ಡ ಮೂರ್ತಿಯ ಹತ್ತಿರ ಹೋದಾಗ ಗೋಡೆಯ ಮೈಯನ್ನು ಗಮನಿಸಿ. ಊರ ಹೊರಗಿನಿಂದ ಲಾರಿಗಳಲ್ಲಿ ತಂದ ಚೊಕ್ಕ ಹಿಮವನ್ನು ಚೌಕಟ್ಟಿನೊಳಗೆ ತುಂಬಿ, ತುಳಿದು, ಬಡಿದು ಗಟ್ಟಿ ಮಾಡಿರುತ್ತಾರೆ. ಕಾಂಕ್ರೀಟ್ ಹಾಕುವಾಗ ಸೆಂಟ್ರಿಂಗ್ ಹಲಗೆ ಕಟ್ಟುತ್ತಾರಲ್ಲ, ಅದೇ ಥರ. ಆಮೇಲೆ ಹಲಗೆ ಬಿಚ್ಚಿ, ಸಾರುವೆ ಕಟ್ಟಿ, ಮೇಲಿನಿಂದ ಕೆತ್ತುತ್ತಾ ಬರುತ್ತಾರೆ. ಒಂದಕ್ಕೆ ತಿಂಗಳ ಹತ್ತಿರದ ಕೆಲಸ. ಹೊಸ ಹಿಮ ಬಿದ್ದರೆ ಕಣ್ಣು ಮೂಗು ಮುಚ್ಚಿಹೋಗುತ್ತದೆ, ಅದನ್ನು ಗುಡಿಸಿ ತೆಗೆಯುವ ಕೆಲಸವೂ ಇದೆ. ಮುಟ್ಟಬೇಡಿ, ಹಗ್ಗ ದಾಟಬೇಡಿ. ಬಿಸಿಲಿನ ದಿನ ಕರಗಿ ಕುಸಿಯುವ ಅಪಾಯ ಇರುವುದರಿಂದಲೇ ಆ ಹಗ್ಗ.

ಯಾವಾಗ ಹೋಗಬೇಕು? ಒಂದು ಸಲ ಹಗಲು, ಒಂದು ಸಲ ರಾತ್ರಿ. ಕೆತ್ತನೆಯ ಸೂಕ್ಷ್ಮ ಬೆಳಿಗ್ಗೆ ಕಾಣುತ್ತದೆ, ಜನವೂ ಕಡಿಮೆ. ಫೆಬ್ರವರಿಯಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಆಮೇಲೆ ರಾತ್ರಿ 10ರವರೆಗೆ ದೀಪ. ಕೆಲವು ದೊಡ್ಡ ಮೂರ್ತಿಗಳ ಮೇಲೆ ಬಣ್ಣದ ಬೆಳಕಿನ ಚಿತ್ರ ಬಿಡುತ್ತಾರೆ, ಕಲ್ಲಿನ ಹಾಗಿದ್ದ ಗೋಡೆ ಒಮ್ಮೆಲೇ ಅಲುಗಾಡಿದ ಹಾಗೆ ಕಾಣುತ್ತದೆ. ಆ ಪ್ರದರ್ಶನಕ್ಕೆ ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ, ಒಂಬತ್ತರ ಮೇಲೆ ನಿರಾಳ. ಶನಿವಾರ, ಭಾನುವಾರ ಮತ್ತು ಫೆಬ್ರವರಿ 11 ಬಿಟ್ಟರೆ ಒಳ್ಳೆಯದು. 11 ಅಲ್ಲಿ ಸರ್ಕಾರಿ ರಜೆ.

ನಲವತ್ತು ನಿಮಿಷ ಮೇಲೆ, ಇಪ್ಪತ್ತು ನಿಮಿಷ ಕೆಳಗೆ. ಈ ಲೆಕ್ಕ ತಪ್ಪಿಸಬೇಡಿ. "ಇನ್ನೊಂದು ನೋಡಿಬಿಡೋಣ" ಅಂತ ಎರಡು ಗಂಟೆ ನಿಂತವರು ಮಾರನೇ ದಿನ ರೂಮಿನಲ್ಲಿ ಮಲಗುತ್ತಾರೆ.

ಎರಡನೇ ಜಾಗ ಸುಸುಕಿನೊ. ಇಲ್ಲಿ ಹಿಮವಲ್ಲ, ಐಸ್. ರಸ್ತೆಯ ನಡುವೆ ಸಾಲಾಗಿ ಗಾಜಿನಂಥ ಮೂರ್ತಿಗಳು: ಗರುಡ, ಡ್ರ್ಯಾಗನ್, ಕುದುರೆ. ಕೆಲವು ಗಡ್ಡೆಗಳ ಒಳಗೆ ನಿಜವಾದ ಮೀನು, ಏಡಿಗಳನ್ನು ಹೆಪ್ಪುಗಟ್ಟಿಸಿ ನಿಲ್ಲಿಸಿರುತ್ತಾರೆ. ಬಾಯಿ ಅರ್ಧ ತೆರೆದ ಮೀನಿನ ಪಕ್ಕದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು, ಹಿಂದಿನಿಂದ ಬಂದ ಅಂಗಡಿಯ ಕೆಂಪು ದೀಪ ಅದರ ಮೈಯೊಳಗೆ ಹಾದುಹೋಗುವುದು, ಇದನ್ನು ಹತ್ತಿರ ನಿಂತೇ ನೋಡಬೇಕು. ಐಸ್ ಮೂರ್ತಿಗೆ ರಾತ್ರಿಯೇ ಚೆಂದ. ಅಂದಹಾಗೆ ಸುಸುಕಿನೊ ಊರಿನ ಬಾರ್, ಕ್ಲಬ್ಬುಗಳ ಬೀದಿ. ಕುಟುಂಬದ ಜೊತೆ ಹೋಗಲು ಭಯವೇನಿಲ್ಲ, ಆದರೆ ಬೀದಿಯಲ್ಲಿ ಕೈ ಬೀಸಿ ಕರೆಯುವವರ ಹಿಂದೆ ಯಾವ ಅಂಗಡಿಗೂ ಹೋಗಬೇಡಿ. ಬಿಲ್ ನೋಡಿದ ಮೇಲೆ ಚಳಿ ಬಿಟ್ಟುಹೋಗುತ್ತದೆ.

ಮೂರನೆಯದು ತ್ಸುಡೋಮ್. ಇದು ಮಕ್ಕಳದು. ದೊಡ್ಡ ಹಿಮದ ಜಾರುಬಂಡೆ, ಆಟ, ಒಳಗೆ ಊಟದ ಜಾಗ. ತೋಹೊ ಲೈನಿನ ಕೊನೆಯ ಸ್ಟಾಪ್ ಸಕಾಯೆಮಾಚಿ, ಅಲ್ಲಿಂದ ಕಾಲು ಗಂಟೆ ನಡಿಗೆ. ಇದು ಸಂಜೆಗೇ ಮುಚ್ಚುತ್ತದೆ, ಬೆಳಿಗ್ಗೆಯೇ ಹೋಗಿ. ಮಕ್ಕಳಿಲ್ಲದವರು ಬಿಟ್ಟರೂ ನಡೆಯುತ್ತದೆ.

7. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸ, ಮೀನು ತಿನ್ನುವವರಿಗೆ ಹೊಕ್ಕೈಡೊ ಸ್ವರ್ಗ, ನಾನೇನೂ ಹೇಳಬೇಕಿಲ್ಲ. ಸಸ್ಯಾಹಾರಿಗಳು ತಿಳಿಯಬೇಕಾದ ಒಂದೇ ಪದ 'ದಾಶಿ'. ಒಣಮೀನು, ಸಮುದ್ರದ ಪಾಚಿ ಹಾಕಿ ಕಾಯಿಸಿದ ತಿಳಿ ಅದು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ ಅವರ ಬಹುಪಾಲು ಅಡುಗೆಗೆ ಅದೇ ಬುನಾದಿ. ತಟ್ಟೆಯಲ್ಲಿ ಬರೀ ತರಕಾರಿ, ತೋಫು ಕಂಡರೂ ಕೆಳಗೆ ದಾಶಿ ಇರಬಹುದು. ಊರಿನ ಹೆಸರಾಂತ ಮಿಸೊ ರಾಮೆನ್‌ನ ಸಾರು ಸಾಮಾನ್ಯವಾಗಿ ಹಂದಿಮೂಳೆಯದು. 'ಸೂಪ್ ಕರಿ' ಸಪ್ಪೊರೊದ್ದೇ ತಿಂಡಿ, ನಮ್ಮ ಮಸಾಲೆಗೆ ಹತ್ತಿರ. ಅದರಲ್ಲಿ ತರಕಾರಿಯದು ಅಂತ ಕೊಟ್ಟರೂ ತಿಳಿ ಕೋಳಿಯದಿರುವುದೇ ಜಾಸ್ತಿ, ಕೇಳಿಯೇ ತಿನ್ನಿ. "ನಿಕು ತೊ ಸಕಾನಾ ವಾ ತಬೆಮಾಸೆನ್, ದಾಶಿ ಮೊ ದಮೆ ದೆಸು" ಅನ್ನಿ. ಮಾಂಸ, ಮೀನು ತಿನ್ನುವುದಿಲ್ಲ, ದಾಶಿಯೂ ಆಗುವುದಿಲ್ಲ ಅಂತ ಅರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡರೆ ಇನ್ನೂ ಸಲೀಸು.

ಹಬ್ಬದ ಮಳಿಗೆಗಳಲ್ಲಿ ಧೈರ್ಯವಾಗಿ ತಿನ್ನಬಹುದಾದದ್ದು 'ಜಾಗಾ-ಬತಾ'. ಬೇಯಿಸಿದ ಹೊಕ್ಕೈಡೊ ಆಲೂಗಡ್ಡೆ ಸೀಳಿ ಮೇಲೆ ಬೆಣ್ಣೆ ಇಟ್ಟುಕೊಡುತ್ತಾರೆ. ಕೆಲವರು ಅದರ ಮೇಲೆ ಉಪ್ಪಿನಲ್ಲಿ ಹಾಕಿದ ಬೊಂಡಾಸ್ ಮೀನನ್ನು ಸುರಿಯುತ್ತಾರೆ. "ಬತಾ ದಾಕೆ" ಅನ್ನಿ, ಬೆಣ್ಣೆ ಮಾತ್ರ. ಜೋಳ, ಬಿಸಿ ಹಾಲು, ಸುಟ್ಟ ಗೆಣಸು ಕೂಡ ಸಿಗುತ್ತವೆ.

ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ಟು ಇರಲಿ. ಹೆಚ್ಚಿನ ಹೋಟೆಲ್ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಸಣ್ಣ ಅಂಗಡಿಗಳಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಅವರೇ ಬಿಸಿ ಮಾಡಿಕೊಡುತ್ತಾರೆ, ಮೊಸರೂ ಅಲ್ಲೇ. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಒಯ್ಯಬೇಡಿ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ.

ಮಳಿಗೆಗಳಿಗೆ ಸ್ವಲ್ಪ ನಗದು ಇಟ್ಟುಕೊಂಡಿರಿ.

8. ಫೋನು, ಕ್ಯಾಮೆರಾ

ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. 40 ಪರ್ಸೆಂಟ್ ಇದ್ದ ಫೋನು ಹಾಗೇ ಆರಿಹೋಗಬಹುದು. ಒಳಜೇಬಿನಲ್ಲಿ ಮೈಗೆ ಹತ್ತಿರ ಇಡಿ. ಆರಿದರೆ ಗಾಬರಿ ಬೇಡ, ಬೆಚ್ಚಗಾದರೆ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಹೊರಗಿನಿಂದ ನೇರ ಬಿಸಿ ರೂಮಿಗೆ ತಂದರೆ ಲೆನ್ಸಿನೊಳಗೆಲ್ಲ ನೀರಹನಿ ಕಟ್ಟುತ್ತದೆ. ಹೊರಗಿರುವಾಗಲೇ ಜಿಪ್ ಕವರಿಗೆ ಹಾಕಿ ಮುಚ್ಚಿ, ಒಳಗೆ ತಂದು ಒಂದು ಗಂಟೆ ಹಾಗೇ ಬಿಡಿ.

9. ಒಂದು ದಿನ ಕೈಯಲ್ಲಿದ್ದರೆ

ಒತಾರುಗೆ ಹೋಗಿ. ಸಪ್ಪೊರೊದಿಂದ ರೈಲು ಹತ್ತಿ ಬಲಬದಿಯ ಕಿಟಕಿಗೆ ಕೂತರೆ ಅರ್ಧ ದಾರಿ ಸಮುದ್ರದ ಅಂಚಿನಲ್ಲೇ. ಅಲ್ಲಿ ಫೆಬ್ರವರಿಯಲ್ಲಿ 'ಯುಕಿ ಅಕಾರಿ ನೊ ಮಿಚಿ', ಅಂದರೆ ಹಿಮದೀಪಗಳ ದಾರಿ ಅನ್ನುವ ಹಬ್ಬ ನಡೆಯುತ್ತದೆ. ಸಪ್ಪೊರೊ ಹಬ್ಬದ ಕೊನೆಯ ದಿನಗಳ ಜೊತೆ ಕೂಡಿಬರುವುದುಂಟು. ಹಿಮದಲ್ಲಿ ಗೂಡು ಮಾಡಿ ಮೇಣದ ಬತ್ತಿ ಇಡುತ್ತಾರೆ. ಕಾಲುವೆಯ ನೀರಿನ ಮೇಲೆ ಗಾಜಿನ ಗುಂಡುಗಳೊಳಗೆ ದೀಪ ತೇಲುತ್ತದೆ. ಹಿಂದೆ ಮೀನುಗಾರರು ಬಲೆ ತೇಲಿಸಲು ಕಟ್ಟುತ್ತಿದ್ದ ಗುಂಡುಗಳು ಅವು. ನಮ್ಮ ಲಕ್ಷದೀಪೋತ್ಸವ ನೋಡಿದವರಿಗೆ ಇದು ತೀರಾ ಹೊಸದು ಅನ್ನಿಸಲಿಕ್ಕಿಲ್ಲ, ಬಿಳಿ ನೆಲ ಒಂದು ಬಿಟ್ಟು. ಒತಾರು ಬೀದಿಗಳು ಇಳಿಜಾರು, 4ನೇ ಭಾಗ ಇನ್ನೊಮ್ಮೆ ಓದಿಕೊಂಡು ಹೋಗಿ.

ಅಸಾಹಿಕಾವಾದಲ್ಲೂ ಅದೇ ಹೊತ್ತಿಗೆ ಚಳಿಗಾಲದ ಹಬ್ಬ ಇರುತ್ತದೆ, ರೈಲಿನಲ್ಲಿ ಒಂದೂವರೆ ಗಂಟೆ. ಅಲ್ಲಿ ಚಳಿ ಸಪ್ಪೊರೊಗಿಂತ ಗಟ್ಟಿ. ಜಪಾನಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ, ಮೈನಸ್ 41 ಡಿಗ್ರಿ, 1902ರ ಜನವರಿಯಲ್ಲಿ ಆ ಊರಿನದೇ.

ಕೊನೆಯದಾಗಿ ವಾಪಸ್ ಹೊರಡುವ ದಿನದ ಬಗ್ಗೆ. "ಹಬ್ಬ ಮುಗಿದ ಮೇಲೆ ಎರಡು ದಿನ ನಿಂತು ಆರಾಮಾಗಿ ಮೂರ್ತಿ ನೋಡುತ್ತೇವೆ, ಹೋಟೆಲೂ ಅಗ್ಗ" ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಆಗುವುದಿಲ್ಲ. ಹಬ್ಬ ಮುಗಿದ ಮರುದಿನವೇ ಯಂತ್ರಗಳು ಬಂದು ಎಲ್ಲವನ್ನೂ ಒಡೆದು ಹಾಕುತ್ತವೆ, ಕುಸಿದು ಯಾರಿಗೂ ಏಟಾಗಬಾರದು ಅಂತ. ತಿಂಗಳಿಡೀ ಕಟ್ಟಿದ್ದು ನೋಡನೋಡುತ್ತಲೇ ರಾಶಿ. ಅದನ್ನೂ ನೋಡಲೆಂದೇ ಬೇಗ ಎದ್ದು ಬರುವ ಊರಿನವರಿದ್ದಾರೆ. ಆಸೆ ಇದ್ದರೆ ನೀವೂ ಹೋಗಿ, ಹಗ್ಗದ ಈಚೆ ನಿಲ್ಲಿ. ಹೋಗುವಾಗ ಮುಳ್ಳುಪಟ್ಟಿ ಮರೆಯಬೇಡಿ, ಬೆಳಗಿನ ಜಾವದಲ್ಲೇ ನೆಲ ಜಾಸ್ತಿ ಜಾರುವುದು.